ದೊಡ್ಡವ್ವನ ಮಾತು ನಡೆಯದ ವರ್ಷ

ದೊಡ್ಡವ್ವ ಹಟ್ಟಿಯ ಬಾಗಿಲಲ್ಲಿ ನಿಂತರೆ ಅವಳ ಎರಡು ಮೊಣಕಾಲುಗಳ ನಡುವೆ ಕುರಿಮರಿಯೊಂದು ನುಸುಳಿ ಹೋಗುವಷ್ಟು ಜಾಗ ಇರುತ್ತಿತ್ತು. ಉತ್ಪ್ರೇಕ್ಷೆಯಲ್ಲ, ಮರಿಗಳು ನಿಜವಾಗಿಯೂ ನುಸುಳುತ್ತಿದ್ದವು. ಬೆಳಿಗ್ಗೆ ಮುಳ್ಳಿನ ಪಡಿ ಸರಿಸಿ, ಸೀರೆಯನ್ನು ಮೇಲಕ್ಕೆತ್ತಿ ಸಿಕ್ಕಿಸಿಕೊಂಡು ಅವಳು ಅಡ್ಡ ನಿಂತರೆ ದೊಡ್ಡ ಕುರಿಗಳು ಅವಳ ಪಕ್ಕದಿಂದ ಹೊರಡುತ್ತಿದ್ದವು, ಮರಿಗಳು ಕಾಲ ಕೆಳಗಿನಿಂದ. ಬಿಲ್ಲಿನಂತೆ ಹೊರಕ್ಕೆ ಬಾಗಿದ ಕಾಲುಗಳು. ನಡೆದರೆ ಮೈ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿತ್ತು. "ನನ್ ಕಾಲು ಎರಡೂ ಜಗಳ ಆಡ್ಕಂಡವೆ ಕಣವ್ವ. ಒಂದು ಮೇಚ್ಚೇರಿ ಕಡೀಕೆ ಓಗಾನ ಅಂತದೆ, ಇನ್ನೊಂದು ಮೇಟ್ಟೂರು ಕಡೀಕೆ" ಎಂದು ನಗುತ್ತಿದ್ದಳು.

ಅವಳು ನಮ್ಮಪ್ಪನ ಅಣ್ಣನ ಹೆಂಡತಿ. ನಮ್ಮೂರು ಧರ್ಮಪುರಿ ಜಿಲ್ಲೆಯಲ್ಲಿ, ಮೇಟ್ಟೂರು ಅಣೆಕಟ್ಟಿನ ಹಿನ್ನೀರಿಗೆ ತೀರ ದೂರವಲ್ಲದ ಒಣಭೂಮಿ. ನೀರು ಕಣ್ಣಿಗೆ ಕಾಣುತ್ತದೆ, ಹೊಲಕ್ಕೆ ಬರುವುದಿಲ್ಲ. ಸಜ್ಜೆ, ಹುರುಳಿ, ಮರಗೆಣಸು ಬೆಳೆಯುತ್ತೇವೆ, ಕುರಿ ಸಾಕುತ್ತೇವೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಓದಿದ್ದೂ ಈಗ ಪಾಠ ಹೇಳುವುದೂ ತಮಿಳಿನಲ್ಲೇ. ಈ ಕನ್ನಡ ಅಕ್ಷರಗಳನ್ನು ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸುಗಳ ಬೋರ್ಡು ಕೂಡಿಸಿ ಓದುತ್ತ ತಡವಾಗಿ ಕಲಿತೆ. ದೊಡ್ಡವ್ವನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ.

ಆದರೆ ಸುತ್ತಲಿನ ಊರುಗಳಲ್ಲಿ ಯಾರ ಮನೆಯಲ್ಲಿ ಹೆಣ್ಣುಗಂಡು ಮಾತುಕತೆ ಎದ್ದರೂ ಮೊದಲು ಬರುತ್ತಿದ್ದುದು ಅವಳ ಜಗಲಿಗೆ. ನಮ್ಮಲ್ಲಿ ಮದುವೆಗೆ ಮೊದಲು ವರಸೆ ನೋಡಬೇಕು. ಹುಡುಗ ಹುಡುಗಿಗೆ ಅಣ್ಣನ ವರಸೆ ಆಗಬಾರದು, ಕುಲ ಒಂದೇ ಇರಬಾರದು. ಬಂದವರನ್ನು ಕೂರಿಸಿ, ಕಾಲು ಚಾಚಿ ಎಳ್ಳೆಣ್ಣೆ ತಿಕ್ಕಿಕೊಳ್ಳುತ್ತ ಅವಳು ಕೇಳುತ್ತಿದ್ದಳು: "ಅವಳ ತವರು ಯಾವುದು? ಅವರಜ್ಜಿ ಎಲ್ಲಿಂದ ಬಂದೋಳು? ಆ ಅಜ್ಜಿ ತಂಗೀನ ಯಾವೂರಿಗೆ ಕೊಟ್ಟಿದ್ರು?" ಕೊನೆಗೆ ಒಂದೇ ಮಾತು. "ಕೂಡ್ತದೆ" ಅಥವಾ "ಕೂಡಕಿಲ್ಲ". ಅದರ ಮೇಲೆ ಅಪೀಲು ಇರಲಿಲ್ಲ.

ಹೀಗೆಲ್ಲ ಹೇಗೆ ನೆನಪಿರುತ್ತದೆ ಎಂದು ಒಮ್ಮೆ ಕೇಳಿದ್ದೆ. "ನೆನಪು ಇಟ್ಕಳದೇನು? ಮಲಗ್ತೀನಲ್ಲ, ಮಲಗಿದ್ದಾಗ ಅವರವರ ಪಾಡಿಗೆ ಅವರವರ ಜಾಗಕ್ಕೆ ಓಗಿ ಕುಂತ್ಕತಾರೆ. ಬೆಳಿಗ್ಗೆ ನೋಡಿದ್ರೆ ಎಲ್ಲಾರೂ ಸರಿಯಾಗಿ ಇರ್ತಾರೆ" ಅಂದಿದ್ದಳು. ಅವಳ ನಿದ್ದೆಯೂ ಹಾಗೇ ಇತ್ತು. ಕುರಿ ಮಲಗಿದಾಗ ಮಲಗುವುದು, ಕುರಿ ಎದ್ದಾಗ ಏಳುವುದು. ನಡುವೆ ಮನೆ ಹೊತ್ತಿ ಉರಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ನಾನು ದೊಡ್ಡವಳಾದ ವರ್ಷವೇ ಅಪ್ಪ ನನಗೆ ಗಂಡು ಗೊತ್ತು ಮಾಡಿದ್ದರು. ಸ್ಕೂಲು ಬಿಡಿಸಿಯಾಗಿತ್ತು. ಗಂಡಿನ ಕಡೆಯ ಹಿರಿಯರು ಬಂದು ಜಗಲಿಯಲ್ಲಿ ಕೂತರು. ದೊಡ್ಡವ್ವ ಎಂದಿನಂತೆ ಎಲ್ಲವನ್ನೂ ಕೇಳಿದಳು. ಆಮೇಲೆ ತುಂಬ ಹೊತ್ತು ಎಣ್ಣೆ ತಿಕ್ಕುತ್ತ ಕೂತು, "ಕೂಡಕಿಲ್ಲ. ಅಣ್ಣನ ವರಸೆ ಆಯ್ತದೆ" ಅಂದಳು. ಅವರು ಒಪ್ಪಲಿಲ್ಲ, ಜಗಳಕ್ಕೇ ಬಂದರು. ಅವಳು ತಣ್ಣಗೆ ಹುಡುಗನ ಅಜ್ಜನ ತಾಯಿಯ ಊರು ಹೇಳಿದಳು, ನಮ್ಮ ಅಜ್ಜನಿಗೆ ಹಾಲು ಕೊಟ್ಟು ಸಾಕಿದ ಚಿಕ್ಕಮ್ಮನೊಬ್ಬಳ ಊರು ಹೇಳಿದಳು, ಎರಡೂ ಒಂದೇ ಮನೆ ಅಂದಳು. ಅವಳ ಮಾತಿನ ಮೇಲೆ ಇನ್ಯಾರ ಮಾತು? ಎದ್ದು ಹೋದರು. ನಾನು ಮತ್ತೆ ಸ್ಕೂಲಿಗೆ ಹೋದೆ.

ನನಗೆ ಟೀಚರ್ ಕೆಲಸ ಸಿಕ್ಕಿದ ದಿನ ಅವಳಿಗೊಂದು ಸೀರೆ ಕೊಟ್ಟು ಕಾಲಿಗೆ ಬಿದ್ದೆ. ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು. "ಅಂಗೆ ಆಲು ಕೊಟ್ಟ ಚಿಕ್ಕವ್ವ ಯಾರೂ ಇರ್ನಿಲ್ಲ ಕಣೇ. ನಿನ್ ಓದಿಗೋಸ್ಕರ ಒಂದು ಮುದ್ಕೀನೇ ಉಟ್ಟುಸ್ಬುಟ್ಟೆ." ಜೀವನದಲ್ಲಿ ಅವಳು ಹೇಳಿದ ಒಂದೇ ಒಂದು ಸುಳ್ಳು ವರಸೆ ಅದು. ಅದನ್ನು ಊರಿಗೆ ಊರೇ ನಂಬಿತು.

ದೊಡ್ಡಪ್ಪ ತೀರಿಕೊಂಡ ಮೇಲೆ ಕಾಲುನೋವು ಹೆಚ್ಚಾಯಿತು. ಕೂತರೆ ಏಳಲು ಆಗದು, ಎದ್ದರೆ ಕೂರಲು ಆಗದು. ಅವಳ ಮಗ, ನಾನು ಅಣ್ಣ ಎನ್ನುವವನು, ಸೇಲಂ ಹತ್ತಿರದ ತಾರಮಂಗಲದಲ್ಲಿ ನಾಲ್ಕಾರು ಪವರ್‌ಲೂಮ್ ಹಾಕಿಕೊಂಡು ಅಲ್ಲೇ ಮನೆ ಮಾಡಿದ್ದ. ಅವನು ಕೆಟ್ಟವನಲ್ಲ. ತಾಯಿಯನ್ನು ಸೇಲಂಗೆ ಕರೆದುಕೊಂಡು ಹೋಗಿ ತೋರಿಸಿದ. ಎರಡೂ ಮೊಣಕಾಲು ಸವೆದಿವೆ, ಬದಲಾಯಿಸಬೇಕು ಅಂದರು. ದೊಡ್ಡವ್ವ ಕೇಳಿದ್ದು ಒಂದೇ: "ಆಮೇಲೆ ಕುರಿ ಇಂದೆ ಓಗ್ಬೈದಾ?" ಹೋಗಬಹುದು ಎಂದು ಡಾಕ್ಟರು ನಕ್ಕರು. "ಅಂಗಾದ್ರೆ ಕುಯ್ಯಿ" ಅಂದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಇದನ್ನು ಹೇಳಿಬಿಡಬೇಕು, ಏಕೆಂದರೆ ಆಮೇಲೆ ಎಲ್ಲರೂ ಎಲ್ಲವನ್ನೂ ಆಪರೇಷನ್ನಿನ ತಲೆಗೆ ಕಟ್ಟಿದರು. ಕಾಲು ನೆಟ್ಟಗಾದವು. ಕೆಟ್ಟದ್ದು ನಿದ್ದೆ.

ನಾನು ಆಸ್ಪತ್ರೆಗೆ ಹೋದಾಗ ಮಧ್ಯಾಹ್ನ. ವಾರ್ಡಿನಲ್ಲಿ ಹಗಲು ಯಾವುದು ರಾತ್ರಿ ಯಾವುದು ಎಂದು ತಿಳಿಯದ ಹಾಗೆ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು, ಯಾವುದೋ ಯಂತ್ರ ಬಿಡದೆ ಕೂಗುತ್ತಿತ್ತು. ದೊಡ್ಡವ್ವನ ಎರಡು ಕೈಗಳನ್ನೂ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. "ಪಾಟಿ ರೊಂಬ ಒಳರ್ರಾಂಗ" ಅಂದಳು ನರ್ಸು. ಅಜ್ಜಿ ತುಂಬ ಬಡಬಡಿಸುತ್ತಾಳೆ ಎಂದು. ಸೂಜಿ ಕಿತ್ತು ಹಾಕಿದ್ದಕ್ಕೆ ಕಟ್ಟಿದ್ದಂತೆ.

ದೊಡ್ಡವ್ವ ತಮಿಳನ್ನು ನೀರು ಕುಡಿದ ಹಾಗೆ ಮಾತಾಡುತ್ತಿದ್ದವಳು. ಆಪರೇಷನ್ ಆದ ಮೇಲೆ ನಿದ್ದೆಯಿಲ್ಲದೆ ಕಳೆದ ದಿನಗಳಲ್ಲಿ ಅವಳ ತಮಿಳೇ ಹೊರಟುಹೋಗಿತ್ತು. ಬಾಯಲ್ಲಿ ಬರೀ ಕನ್ನಡ, ಅದೂ ಅವಳ ತವರಿನ ಹಳೆಯ ಕನ್ನಡ. ಅಲ್ಲಿದ್ದವರಿಗೆ ಒಂದು ಅಕ್ಷರವೂ ಅರ್ಥವಾಗದು. ನಾನು ಮುಖದ ಹತ್ತಿರ ಕಿವಿ ಇಟ್ಟೆ. ಮಂಚದ ಕೆಳಗೆ ಕುರಿ ಸೇರಿಕೊಂಡಿವೆ, ಓಡಿಸು ಅಂದಳು. ಸರಿ, ಅದು ಬಡಬಡಿಕೆ. ಅದರ ಬೆನ್ನಿಗೇ, "ಈ ಬೆಳಕು ಆರ್ಸವ್ವ, ಕಣ್ಣೊಳಕ್ಕೆ ಬೆಂಕಿ ಇಟ್ಟಂಗೈತೆ. ಉಚ್ಚೆ ಒಯ್ಬೇಕು ಅಂತ ಆವಾಗಿಂದ ಬಡ್ಕತಾ ಇವ್ನಿ. ಕೈ ಬಿಚ್ಚವ್ವ" ಅಂದಳು.

ಅದು ಬಡಬಡಿಕೆಯೇ?

ನಾನು ನರ್ಸಿಗೆ ತಮಿಳಿನಲ್ಲಿ ಹೇಳಿದೆ. ಪಾಪ, ಆ ಹುಡುಗಿ ಬೆಚ್ಚಿಬಿದ್ದು ಓಡಿ ಬಂದು ಕೈ ಬಿಚ್ಚಿದಳು. ಅಣ್ಣ ಕಾರಿಡಾರಿನಲ್ಲಿ ತಲೆಗೆ ಕೈ ಕೊಟ್ಟು ಕೂತಿದ್ದ. ಅವನಿಗೆ ಕನ್ನಡ ಬರುತ್ತಿತ್ತು. "ನನ್ನೇ ಅವಳ ತಮ್ಮ ಅಂದ್ಕಂಡವಳೆ. ಸತ್ತೋದ ಮಾವನ ಎಸರಿಡ್ದು ಕರೀತಾಳೆ" ಅಂದ. ಅಷ್ಟು ಕೇಳಿದ ಮೇಲೆ ಅವನು ಮುಂದೆ ಕಿವಿಗೊಡುವುದನ್ನೇ ಬಿಟ್ಟಿದ್ದ.

ಸಂಜೆ ಡಾಕ್ಟರು ಬಂದು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದರು. ವಯಸ್ಸಾದವರಿಗೆ ಇಂಥ ಆಪರೇಷನ್ ಆದಾಗ ಕೆಲವು ದಿನ ತಲೆ ಗೊಂದಲವಾಗುತ್ತದೆ. ನೋವು, ಔಷಧಿ, ನಿದ್ದೆ ಇಲ್ಲದಿರುವುದು, ಗೊತ್ತಿಲ್ಲದ ಜಾಗ. ಸಾಮಾನ್ಯವಾಗಿ ಸರಿಹೋಗುತ್ತದೆ. ಹಗಲು ಬಿಸಿಲಿಗೆ ಕೂರಿಸಿ, ಮಾತಾಡಿಸಿ, ನಡೆಸಿ. ರಾತ್ರಿ ಕತ್ತಲು ಮಾಡಿ ಮಲಗಲು ಬಿಡಿ. ನಿದ್ದೆಮಾತ್ರೆ ಅಭ್ಯಾಸ ಮಾಡಿಸಬೇಡಿ, ಅದರಿಂದ ಇನ್ನೂ ಮಂಕಾಗುತ್ತದೆ. ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಅಣ್ಣ 'ತಲೆ ಗೊಂದಲವಾಗುತ್ತದೆ' ಎಂಬಲ್ಲಿಗೆ ಕೇಳುವುದನ್ನು ನಿಲ್ಲಿಸಿದ.

ಅವಳನ್ನು ನಮ್ಮೂರಿಗೆ ಕಳಿಸಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ತಾರಮಂಗಲದ ಮನೆಗೆ ಕರೆದುಕೊಂಡು ಹೋದರು. ಕೆಳಗೆ ಲೂಮುಗಳು, ಮೇಲೆ ಮನೆ. ಕರೆಂಟು ಇರುವಷ್ಟು ಹೊತ್ತೂ ಕಟಕಟ ಕಟಕಟ. ವರ್ಷಗಟ್ಟಲೆ ಅದರಲ್ಲೇ ಇರುವವರಿಗೆ ಅದು ಕೇಳಿಸುವುದೇ ಇಲ್ಲ. ದೊಡ್ಡವ್ವನ ಮಂಚ ನೆಲದ ಜೊತೆ ಅದುರುತ್ತಿತ್ತು. ಅವಳು ಮಲಗದೆ ಮಗನನ್ನು ಕೂಗಿ ಕರೆಯುತ್ತಿದ್ದಳು. ಮನೆಯವರಿಗೂ ನಿದ್ದೆ ಕೆಟ್ಟಿತು. ಅತ್ತಿಗೆಯ ತಮ್ಮನದೊಂದು ಮೆಡಿಕಲ್ ಶಾಪು ಆ ಊರಲ್ಲೇ ಇತ್ತು. ಅವನು ಮಾತ್ರೆ ತಂದುಕೊಟ್ಟ. ಕೆಲವು ದಿನಕ್ಕೆಂದು ಶುರುವಾದದ್ದು ನಿಲ್ಲಲೇ ಇಲ್ಲ. ಮಾತ್ರೆ ಕೊಟ್ಟರೆ ಮನೆ ನಿಶ್ಶಬ್ದ. ಹಗಲೆಲ್ಲ ಅವಳು ಅರೆಗಣ್ಣು ಬಿಟ್ಟುಕೊಂಡು ಗೋಡೆಗೊರಗಿ ಕೂತಿರುತ್ತಿದ್ದಳು, ತುಟಿಯ ಕೊನೆಯಲ್ಲಿ ಜೊಲ್ಲು.

"ಅಣ್ಣಾ, ಆ ಮಾತ್ರೆ ಬ್ಯಾಡ ಅಂತ ಡಾಕ್ಟರು ಹೇಳಿದ್ರಲ್ಲ" ಅಂದೆ.

"ನೀನು ಬಂದು ಒಂದು ವಾರ ಇದ್ದು ನೋಡ್ಕ. ಆಮೇಲೆ ಮಾತಾಡು" ಅಂದ.

ರಜೆ ಹಾಕಿ ಹೋದೆ. ಲೂಮಿನ ಮೇಲಿನ ಕೋಣೆ ಬಿಟ್ಟು ಅವಳನ್ನು ಹಿತ್ತಿಲ ಕಡೆಯ ಶೆಡ್ಡಿನಲ್ಲಿ ಮಲಗಿಸಿದೆ, ಮಾತ್ರೆ ಅರ್ಧಕ್ಕೆ ಇಳಿಸಿದೆ, ಬಿಸಿಲಿನಲ್ಲಿ ವಾಕರ್ ಹಿಡಿಸಿ ನಡೆಸಿದೆ. ಒಂದು ಬೆಳಿಗ್ಗೆ ಎದ್ದು ನನ್ನನ್ನು ನೋಡಿ, "ನಿಂಗೆ ಇಸ್ಕೂಲ್ ಇಲ್ವೇನೇ?" ಅಂದಳು. ಬುದ್ಧಿ ತಿರುಗಿ ಬರುತ್ತಿದೆ ಎಂದು ನನಗೆ ಅಳು ಬಂತು. ರಜೆ ಮುಗಿದು ನಾನು ನನ್ನ ಸ್ಕೂಲಿರುವ ಧರ್ಮಪುರಿಗೆ ಹೋದ ಮೇಲೆ ಅವಳನ್ನು ಮತ್ತೆ ಮೇಲಿನ ಕೋಣೆಗೆ ಹಾಕಿದರು.

ಆ ಹೊತ್ತಿಗೇ ಅಣ್ಣನ ಮಗಳಿಗೆ ಗಂಡು ಬಂದದ್ದು. ಗಂಡನ್ನು ತಂದವನು ಅತ್ತಿಗೆಯ ತಮ್ಮ. ನಮ್ಮವರೇ ಆದ ಹುಡುಗ, ಏರ್ಕಾಡಿನಲ್ಲಿ ಕಾಫಿ ಎಸ್ಟೇಟಿನ ಸೂಪರ್‌ವೈಸರು, ಸ್ವಂತ ಮನೆ, ಮಾತು ಮೃದು. ಹುಡುಗಿಗೂ ಒಪ್ಪಿಗೆ. ನಿಶ್ಚಯದ ಮಾತಿಗೆ ಎಲ್ಲರೂ ಸೇರಿದ ಭಾನುವಾರ ನಾನೂ ಹೋಗಿದ್ದೆ. ದೊಡ್ಡವ್ವನನ್ನು ತಂದು ಕುರ್ಚಿಯಲ್ಲಿ ಕೂರಿಸಿದ್ದರು. ವರಸೆ ಕೇಳಲು ಅಲ್ಲ, ಅಜ್ಜಿ ಇದ್ದಾಳೆ ಎಂದು ತೋರಿಸಲು. ಗಂಡಿನ ಕಡೆಯವರು ಊಟ ಮಾಡಿ ಆಗಷ್ಟೇ ಹೊರಟುಹೋಗಿದ್ದರು.

ದೊಡ್ಡವ್ವ ಕಣ್ಣು ಬಿಟ್ಟಳು. "ಆ ಉಡುಗ ಬ್ಯಾಡ" ಅಂದಳು.

ಎಲ್ಲರೂ ತಿರುಗಿದರು. ಅವಳ ನಾಲಿಗೆ ದಪ್ಪವಾಗಿತ್ತು, ಮಾತು ಎಳೆದೆಳೆದು ಬರುತ್ತಿತ್ತು. "ಅವರವ್ವ ನನ್ ತವರಿನೋಳು. ನಮ್ ತಂಗಿ ಏಳಿದ್ಲು. ಬೆಟ್ಟದ ಮ್ಯಾಲೆ ಎಸ್ಟೇಟಲ್ಲಿ ಕೂಲಿ ಮಾಡೋ ಎಣ್ಣಿಗೆ ಇವನು ತಾಳಿ ಕಟ್ಟವನೆ. ಒಂದು ಕೂಸೂ ಐತೆ. ಮನೇಗೆ ಸೇರಿಸ್ಕಂಡಿಲ್ಲ, ಮುಚ್ಚಿಟ್ಟವರೆ." ಹಾಗೆಂದು ಹುಡುಗನ ತಾಯಿಯ ಹೆಸರು ಹೇಳಿದಳು. ಅಲ್ಲಿಯೇ ತಪ್ಪಿತು. ಅವಳು ಹೇಳಿದ್ದು ಆ ಹೆಂಗಸಿನ ಅಕ್ಕನ ಹೆಸರು.

ಅತ್ತಿಗೆಯ ತಮ್ಮನಿಗೆ ಅಷ್ಟು ಸಾಕಾಯಿತು. ನಗುತ್ತ ಕುರ್ಚಿ ಎಳೆದುಕೊಂಡು ಅವಳ ಎದುರು ಕೂತ. "ಅತ್ತೆ, ಇವತ್ತು ಏನು ವಾರ ಏಳಿ ನೋಡಾನ."

ಹಗಲು ರಾತ್ರಿ ಒಂದೇ ಆಗಿಬಿಟ್ಟವಳಿಗೆ ವಾರ ಎಲ್ಲಿಂದ ಗೊತ್ತಿರಬೇಕು? "ಶುಕ್ರವಾರ" ಅಂದಳು. ಯಾರೋ ಕಿಸಕ್ಕೆಂದರು. ಮೊಮ್ಮಗಳೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ನಮ್ಮ ಸಿ.ಎಂ. ಯಾರು ಅತ್ತೆ?"

ದೊಡ್ಡವ್ವ ಅವನನ್ನು ನೆಟ್ಟ ಕಣ್ಣಿನಿಂದ ನೋಡಿದಳು. "ನಿನ್ ಸಿ.ಎಮ್ಮು ನಮ್ ಕೂಸ್ನ ಮದುವೆ ಆಯ್ತಾನಾ? ಆಗೋನು ಯಾವನು ಅಂತ ಕೇಳ್ಲಾ, ಏಳ್ತೀನಿ."

ಇಂಥ ಉತ್ತರ ಮಂಕು ತಲೆಯಿಂದ ಬರುತ್ತದೆಯೇ? ಆದರೆ ನಗು ಇನ್ನೂ ಜೋರಾಯಿತು. ಅಣ್ಣ ಎದ್ದು ಬಂದು, "ಅವ್ವಾ, ಸಾಕು, ಬಾ ಮಲಗು" ಎಂದು ಅವಳ ತೋಳು ಹಿಡಿದ. ಅವಳು ಕೊಸರಿಕೊಂಡಳು. "ಕೂಡಕಿಲ್ಲ ಕಣ್ಲಾ, ಕೂಡಕಿಲ್ಲ" ಎಂದು ಒಳಗೆ ಹೋಗುವವರೆಗೂ ಕೂಗುತ್ತಲೇ ಇದ್ದಳು.

ನಾನು ಬಿಡಲಿಲ್ಲ. ದೊಡ್ಡವ್ವನ ತಂಗಿ ಹಿಂದಿನ ವರ್ಷವೇ ತೀರಿಕೊಂಡಿದ್ದಳು, ಕೇಳಲು ಅವಳಿಲ್ಲ. ದೊಡ್ಡವ್ವನ ತವರೂರಿನ ಇನ್ನೊಬ್ಬರಿಗೆ ಫೋನ್ ಮಾಡಿದೆ. "ಮದುವೆ ಮುರಿದ ಪಾಪ ನಮಗ್ಯಾಕವ್ವ" ಎಂದು ಇಟ್ಟುಬಿಟ್ಟರು. ಇಲ್ಲ ಎಂದು ಹೇಳಲಿಲ್ಲ ಎನ್ನುವುದನ್ನು ಗಮನಿಸು ಎಂದು ಅಣ್ಣನಿಗೆ ಹೇಳಿದೆ. "ಹೌದು ಅಂತಲೂ ಅನ್ನಲಿಲ್ಲವಲ್ಲ" ಅಂದ. ಏರ್ಕಾಡಿಗೆ ಹೋಗಿ ವಿಚಾರಿಸೋಣ, ಬಸ್ಸಿನಲ್ಲಿ ಎಷ್ಟು ಹೊತ್ತು ಎಂದೆ. "ಮಂಡೆ ಕೆಟ್ಟ ಮುದ್ಕಿ ಮಾತು ಕೇಳ್ಕಂಡು ಅವರ ಮನೆ ಬಾಗಿಲಿಗೆ ಓಗಿ ಗುಟ್ಟು ಕೆದಕಾಕಾ?" ಎಂದು ರೇಗಿದ. ಹುಡುಗಿಯನ್ನೇ ಕೂರಿಸಿ ಹೇಳಿದೆ. ತಮಿಳಿನಲ್ಲೇ ಬೆಳೆದವಳು, ತಮಿಳಿನಲ್ಲೇ ಉತ್ತರ ಕೊಟ್ಟಳು: ನನ್ನನ್ನೇ ಬೇರೆ ಹೆಸರಿನಿಂದ ಕರೆಯುವ ಅಜ್ಜಿ, ಅವನ ವಿಷಯ ಏನು ಸರಿಯಾಗಿ ಹೇಳುತ್ತಾಳೆ ಅತ್ತೆ?

ಮದುವೆ ತಾರಮಂಗಲದ ಮಂಟಪವೊಂದರಲ್ಲಿ ನಡೆಯಿತು. ದೊಡ್ಡವ್ವನಿಗೆ ರೇಷ್ಮೆ ಸೀರೆ ಉಡಿಸಿ, ಹೂ ಮುಡಿಸಿ, ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನಾದಸ್ವರ ಕಿವಿಯ ಪಕ್ಕದಲ್ಲೇ ಊದುತ್ತಿತ್ತು, ಅವಳು ಎದೆಯ ಮೇಲೆ ಗದ್ದ ಊರಿ ನಿದ್ದೆ ಮಾಡುತ್ತಿದ್ದಳು. ಭುಜ ಅಲುಗಿಸಿದೆ, ಕೆನ್ನೆ ತಟ್ಟಿದೆ. ರೆಪ್ಪೆ ಅರ್ಧ ಎದ್ದು ಮತ್ತೆ ಬಿತ್ತು. ಅತ್ತಿಗೆಯನ್ನು ಕೇಳಿದರೆ ಅವಳು ಸೆರಗು ಸರಿಮಾಡಿಕೊಳ್ಳುತ್ತ, "ಜನದ ಮುಂದೆ ಏನಾದ್ರೂ ಕೂಗಿದ್ರೆ? ಅದಕ್ಕೆ ಬೆಳಿಗ್ಗೆ ಕಾಪಿ ಜೊತೆ ತಮ್ಮ ಕೊಟ್ಟವನೆ" ಅಂದಳು. ಮುಚ್ಚಿಡುವ ವಿಷಯ ಎಂದು ಅವಳಿಗೆ ಅನಿಸಿರಲೇ ಇಲ್ಲ. ತಾಳಿ ಕಟ್ಟುವಾಗ ಎಲ್ಲರೂ ಅಕ್ಷತೆ ಹಾಕಿದರು. ದೊಡ್ಡವ್ವನ ಮಡಿಲಲ್ಲೂ ನಾಲ್ಕು ಕಾಳು ಬಿದ್ದಿದ್ದವು. ಬಂದವರೆಲ್ಲ ಅವಳ ಮುಂದೆ ನಿಂತು "ಪಾವಂ", ಅಯ್ಯೋ ಪಾಪ, ಎಂದು ಹೇಳಿ ಊಟಕ್ಕೆ ಹೋದರು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಹುಡುಗಿ ಏರ್ಕಾಡಿನ ಮನೆಗೆ ಹೋದಳು. ಮಳೆಗಾಲ ಶುರುವಾಗುವ ಮೊದಲೇ ಎಸ್ಟೇಟಿನ ಕೂಲಿಗಳ ಲೈನ್ ಮನೆಯಿಂದ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಬಂದು ಇವಳ ಬಾಗಿಲಲ್ಲಿ ನಿಂತಳು. ಜಗಳವಾಡಲು ಬಂದವಳಲ್ಲ. ಮಗುವಿಗೆ ಜ್ವರ, ಅದರ ಅಪ್ಪ ಎಲ್ಲಿ ಎಂದು ಕೇಳಲು ಬಂದವಳು. ನಮ್ಮ ಹುಡುಗಿ ಬಟ್ಟೆಯ ಚೀಲ ಹಿಡಿದು ಘಾಟಿ ಬಸ್ಸು ಹತ್ತಿ ಇಳಿದು ಬಂದಳು.

ಮನೆಯಲ್ಲಿ ಎಲ್ಲರೂ ಗಂಡಿನ ಮನೆಯವರನ್ನು ಬೈದರು, ಅತ್ತಿಗೆ ಹಣೆಬರಹವನ್ನು ಬೈದಳು, ಅತ್ತಿಗೆಯ ತಮ್ಮ ತನಗೇನೂ ಗೊತ್ತಿರಲಿಲ್ಲ ಎಂದು ದೇವರ ಮುಂದೆ ಕರ್ಪೂರ ಹಚ್ಚಿದ. ಪಕ್ಕದ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದವಳ ಹತ್ತಿರ ಹೋಗಿ, ನೀನು ಹೇಳಿದ್ದು ಸರಿ ಇತ್ತು ಎಂದು ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ಆ ಮಾತ್ರೆಗಳಿಗೆ ಯಾರು ಉತ್ತರ ಕೊಡಬೇಕಿತ್ತು?

ಹುಡುಗಿಯೇ ಒಂದು ದಿನ ಮಾತ್ರೆಯ ಪಟ್ಟಿಗಳನ್ನೆಲ್ಲ ನನ್ನ ಮುಂದೆ ತಂದು ಸುರಿದಳು. ಇಬ್ಬರೂ ಸೇಲಂಗೆ ಹೋಗಿ ಆ ಡಾಕ್ಟರನ್ನು ಕಂಡೆವು. ಅವರು ಪಟ್ಟಿಗಳನ್ನು ತಿರುಗಿಸಿ ನೋಡಿ, ಇಷ್ಟು ಕಾಲ ಇದನ್ನು ಯಾರು ಕೊಟ್ಟರು ಎಂದು ಕೇಳಿದರು. ಒಮ್ಮೆಲೇ ನಿಲ್ಲಿಸಬಾರದು, ಹೀಗೆ ಹೀಗೆ ಇಳಿಸುತ್ತ ಬನ್ನಿ ಎಂದು ಬರೆದುಕೊಟ್ಟರು. ಹುಡುಗಿ ಅಜ್ಜಿಯನ್ನು ಕಾರಿಗೆ ಹಾಕಿಕೊಂಡು ನಮ್ಮೂರಿಗೆ ಬಂದುಬಿಟ್ಟಳು. ಅಣ್ಣ ತಡೆಯಲಿಲ್ಲ. ಮನೆಗೆ ಮರಳಿದ ಮಗಳೂ ಮಂಕು ಹಿಡಿದ ತಾಯಿಯೂ ನಾಲ್ಕು ಜನರ ಕಣ್ಣಿಗೆ ಬೀಳದಿದ್ದರೆ ಅವನಿಗೂ ಹಗುರವೇ.

ಊರಲ್ಲಿ ದೊಡ್ಡವ್ವನ ನಿದ್ದೆ ನಿಧಾನವಾಗಿ ತಿರುಗಿ ಬಂತು. ಮೊದಲು ಮಧ್ಯಾಹ್ನದ ತೂಕಡಿಕೆ ಹೋಯಿತು, ಆಮೇಲೆ ನಾಲಿಗೆ ತಿಳಿಯಾಯಿತು, ಆಮೇಲೆ ಹೆಸರುಗಳು ಬಂದವು. ಎಲ್ಲವೂ ಬರಲಿಲ್ಲ. ಕೆಲವು ಹೆಸರುಗಳನ್ನು ಹುಡುಕುತ್ತ ಅವಳು ಬಾಯಿ ತೆರೆದು ಸುಮ್ಮನೆ ಕೂತಿರುವುದನ್ನು ನೋಡಲಾಗುತ್ತಿರಲಿಲ್ಲ. ಆದರೆ ಮನುಷ್ಯಳು ಬಂದಳು. ಜಗಲಿಗೆ ಮಾತ್ರ ಯಾರೂ ಬರಲಿಲ್ಲ. ಅವಳಿಗೆ ಮಂಡೆ ಕೆಟ್ಟಿದೆ ಎಂಬ ಸುದ್ದಿ ಊರೂರು ಸುತ್ತಿಯಾಗಿತ್ತು. ಸರಿಹೋಗಿದೆ ಎಂಬ ಸುದ್ದಿಯನ್ನು ಹೊತ್ತುಕೊಂಡು ಯಾರು ತಿರುಗುತ್ತಾರೆ? ಅವಳ ಕಣ್ಣೆದುರೇ ಬೀದಿಯಲ್ಲಿ ಮದುವೆಯ ಮಾತುಕತೆಗೆ ಹೋಗುವವರು ಅವಳನ್ನು ನೋಡಿ ಕೈ ಮುಗಿದು ಮುಂದೆ ಹೋಗುತ್ತಿದ್ದರು.

ಒಂದು ಸಂಜೆ ನಾನೂ ಅಲ್ಲಿದ್ದೆ. ಹುಡುಗಿ ಅವಳ ಕಾಲಿಗೆ ಎಣ್ಣೆ ಹಚ್ಚುತ್ತ, ತಡವರಿಸುವ ಕನ್ನಡದಲ್ಲಿ ಕೇಳಿದಳು: "ಅಜ್ಜೀ, ಗೊತ್ತಿತ್ತಲ್ಲ ನಿಂಗೆ. ಇನ್ನೂ ಜೋರಾಗಿ ಯಾಕೆ ಕೂಗ್ಲಿಲ್ಲ?"

ದೊಡ್ಡವ್ವ ಅವಳ ತಲೆಯ ಮೇಲೆ ಕೈ ಇಟ್ಟಳು. "ಕೂಗ್ದೆ ಕಣ್ ಮಗಾ. ನೀನೂ ಅಲ್ಲೇ ನಗ್ತಾ ಕುಂತಿದ್ದೆ."

ಕಹಿಯಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹುಡುಗಿ ಎಣ್ಣೆಯ ಕೈಯಲ್ಲೇ ಮುಖ ಮುಚ್ಚಿಕೊಂಡಳು.

ಮುಂದಿನ ಬೇಸಿಗೆ ದಾಟುವ ಮೊದಲು ದೊಡ್ಡವ್ವ ಹೋದಳು. ಒಂದು ಬೆಳಿಗ್ಗೆ ಏಳಲಿಲ್ಲ, ಅಷ್ಟೆ. ಹಳೆಯ ನಿದ್ದೆಯಲ್ಲೇ ಹೋದಳು ಎಂದು ಸಮಾಧಾನ ಮಾಡಿಕೊಳ್ಳಬಹುದು. ನಾನು ಮಾಡಿಕೊಂಡಿಲ್ಲ. ಅವಳು ಕೊಟ್ಟ ಓದಿನಿಂದ ನಾನು ಸಾವಿರಾರು ಮಕ್ಕಳಿಗೆ ಪಾಠ ಹೇಳಿದ್ದೇನೆ, ನಾಲ್ಕು ಜನ ನನ್ನ ಮಾತು ನಿಂತು ಕೇಳುತ್ತಾರೆ. ಆ ಮಾತು ಅವಳಿಗೆ ಬೇಕಾದ ಒಂದು ಭಾನುವಾರ ಕೆಲಸಕ್ಕೆ ಬರಲಿಲ್ಲ. ಈ ಸಾಲವನ್ನು ಎಲ್ಲಿ ತೀರಿಸುವುದೋ ನನಗೆ ಗೊತ್ತಿಲ್ಲ.

ತಿಥಿಯ ದಿನ ನೆಂಟರೆಲ್ಲ ಎಲೆಯ ಮುಂದೆ ಕೂತಿದ್ದರು. ಎಂಥ ನೆನಪು, ಎಂಥ ಬಾಯಿ ಎಂದು ಹೊಗಳಿದರು. ಅಣ್ಣ ಬಡಿಸಿದ ಅನ್ನ ಕೆದಕುತ್ತ ನಿಟ್ಟುಸಿರು ಬಿಟ್ಟ. "ಏನ್ ಮಾಡದು, ಆಪರೇಷನ್ ಆದ್ಮೇಲೆ ಅವ್ವಂಗೆ ಬುದ್ಧಿ ಓಯ್ತು."

ಸಾರು ಬಡಿಸುತ್ತ ಬರುತ್ತಿದ್ದ ಹುಡುಗಿ ಅಪ್ಪನ ಎಲೆಯ ಮುಂದೆ ನಿಂತಳು. ಪಾತ್ರೆ ಕೆಳಗಿಟ್ಟಳು. ಎಲ್ಲರಿಗೂ ಕೇಳುವ ಹಾಗೆ, ಕನ್ನಡದಲ್ಲಿ ಹೇಳಿದಳು:

"ಅಜ್ಜಿಗೆ ನಿದ್ದೆ ಇರ್ಲಿಲ್ಲ ಅಪ್ಪಾ. ಬುದ್ಧಿ ಇತ್ತು."

ಪಂಕ್ತಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಅಣ್ಣ ಅನ್ನದ ನಡುವೆ ಗುಳಿ ಮಾಡಿಕೊಂಡು, "ಸಾರು ಆಕವ್ವ" ಅಂದ.